ಓಪೆತ್‌ನ ಹಳೇ ಆಲ್ಬಮ್‌ಗಳನ್ನು ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನನಗೆ ಸ್ವೀಡನ್‌ನ ಮೆಟಲ್ ಬ್ಯಾಂಡ್ ಓಪೆತ್ ಪರಿಚಯವಾಗಿದ್ದು ‘ಬ್ಲ್ಯಾಕ್‌ವಾಟರ್ ಪಾರ್ಕ್’ನಿಂದ. ಅದು ತುಂಬಾ ಇಷ್ಟ. ಆದರೆ ಮೊದಲ ಎರಡು ಆಲ್ಬಮ್ ಹಾಕಿದರೆ ತಲೆಬುಡ ತಿಳಿಯುವುದಿಲ್ಲ. ಅವನ್ನು ಕೇಳಲೇಬೇಕಾ? ಕೇಳುವುದಾದರೆ ಎಲ್ಲಿಂದ?

ಉತ್ತರ: ಕೇಳಿ. ಆದರೆ ‘ಬ್ಲ್ಯಾಕ್‌ವಾಟರ್ ಪಾರ್ಕ್’ ತಲೆಯಲ್ಲಿಟ್ಟುಕೊಂಡು ಕೇಳಬೇಡಿ. 2001ರ ಆ ಆಲ್ಬಮ್‌ನ ನಿರ್ಮಾಣಕ್ಕೆ ಬ್ರಿಟನ್‌ನ ಸಂಗೀತಗಾರ ಸ್ಟೀವನ್ ವಿಲ್ಸನ್ ಕೈ ಸೇರಿಸಿದ್ದರು. ಅದರ ಸದ್ದು ದಪ್ಪ, ಹಾಡುಗಳ ಕಟ್ಟು ಗಟ್ಟಿ. 1995ರ ‘ಆರ್ಕಿಡ್’, 1996ರ ‘ಮಾರ್ನಿಂಗ್‌ರೈಸ್’ ಹಾಗಲ್ಲ. ಒಂದು ರಿಫ್ (ಗಿಟಾರ್‌ನ ಪುಟ್ಟ ಸ್ವರಗುಚ್ಛ) ಬರುತ್ತದೆ, ಹೋಗುತ್ತದೆ, ಎಷ್ಟೋ ಸಲ ತಿರುಗಿ ಬರುವುದೇ ಇಲ್ಲ. ಪಲ್ಲವಿಗಾಗಿ ಕಾದು ಕೂತರೆ ಬೇಜಾರೇ ಗತಿ.

ಹಾಗಾದರೆ ಏನನ್ನು ಕೇಳಬೇಕು? ಗಿಟಾರ್‌ಗಳನ್ನು. ಡೆತ್ ಮೆಟಲ್ ಅನ್ನುವ ಭಾರೀ ಸದ್ದಿನ ಮೆಟಲ್ ಬಗೆಯಲ್ಲಿ ಸಾಮಾನ್ಯವಾಗಿ ಎರಡೂ ಗಿಟಾರ್ ಒಂದೇ ರಿಫ್ ನುಡಿಸಿ ಭಾರ ಹೆಚ್ಚಿಸುತ್ತವೆ. ಇಲ್ಲಿ ಗಾಯಕ-ಗಿಟಾರಿಸ್ಟ್ ಮಿಕಾಯೆಲ್ ಓಕರ್‌ಫೆಲ್ಟ್ ಒಂದು ಧಾಟಿ ಹಿಡಿದರೆ ಪೀಟರ್ ಲಿಂಡ್‌ಗ್ರೆನ್ ಇನ್ನೊಂದು ಹಿಡಿಯುತ್ತಾರೆ. ಎರಡೂ ಜಡೆ ಹೆಣೆದ ಹಾಗೆ ಸಾಗುತ್ತವೆ. ಹೆಡ್‌ಫೋನ್ ಹಾಕಿ, ಒಂದು ಸಲ ಒಂದೇ ಗಿಟಾರ್ ಹಿಂದೆ ಹೋಗಿ. ಆಮೇಲೆ ಯೋಹಾನ್ ಡಿ ಫಾರ್ಫಲ್ಲಾ ಅವರ ಬೇಸ್ ಹಿಡಿಯಿರಿ. ಅದು ಸುಮ್ನೆ ತಾಳಕ್ಕೆ ಜೊತೆ ಕೊಡುವುದಿಲ್ಲ, ತನ್ನದೇ ರಾಗ ಹಾಡಿಕೊಂಡು ಓಡಾಡುತ್ತದೆ. ನನ್ನ ಮಟ್ಟಿಗೆ ಈ ಎರಡು ಆಲ್ಬಮ್‌ಗಳ ದೊಡ್ಡ ಸುಖ ಅದೇ.

ಮೊದಲು ‘ಮಾರ್ನಿಂಗ್‌ರೈಸ್’ನ ಕೊನೇ ಹಾಡು ‘ಟು ಬಿಡ್ ಯೂ ಫೇರ್‌ವೆಲ್’ ಹಾಕಿ. ಸುಮಾರು 11 ನಿಮಿಷ, ಒಂದು ಗ್ರೌಲ್ (ಗಂಟಲಿನಿಂದ ಗುರುಗುಟ್ಟುವ ಹಾಡಿಕೆ) ಕೂಡ ಇಲ್ಲ. ಆಮೇಲೆ ‘ದ ನೈಟ್ ಅಂಡ್ ದ ಸೈಲೆಂಟ್ ವಾಟರ್’. ಓಕರ್‌ಫೆಲ್ಟ್ ತಮ್ಮ ಅಜ್ಜ ತೀರಿಕೊಂಡ ಮೇಲೆ ಬರೆದದ್ದು. ಇಲ್ಲಿ ಗ್ರೌಲ್ ಇದೆ, ಆದರೆ ‘ಬ್ಲ್ಯಾಕ್‌ವಾಟರ್ ಪಾರ್ಕ್’ನಲ್ಲಿ ನೀವು ಕೇಳಿದ ಆಳವಾದ ಗುಡುಗಲ್ಲ. ಬ್ಲ್ಯಾಕ್ ಮೆಟಲ್ ಅನ್ನುವ ಇನ್ನೊಂದು ಮೆಟಲ್ ಬಗೆಯ ಕಡೆಗೆ ವಾಲಿದ ಚೂಪು ಕಿರುಚು. ಒಗ್ಗಲು ಸ್ವಲ್ಪ ಹೊತ್ತು ಬೇಕು. 20 ನಿಮಿಷದ ‘ಬ್ಲ್ಯಾಕ್ ರೋಸ್ ಇಮ್ಮಾರ್ಟಲ್’ ಕಡೆಗಿರಲಿ. ಅಭಿಮಾನಿಗಳು ಬೈದರೂ ಸರಿ, ಅದರ ತುಣುಕುಗಳು ಚೆಂದ, ಹೊಲಿಗೆ ಮಾತ್ರ ಅಲ್ಲಲ್ಲಿ ಕಾಣುತ್ತದೆ.

‘ಆರ್ಕಿಡ್’ ಇನ್ನೂ ಹಸಿ. ಅದರಲ್ಲಿ ‘ಸಿಲೂಯೆಟ್’ ಅನ್ನುವ ಪಿಯಾನೋ ತುಣುಕಿದೆ. ನುಡಿಸಿದ್ದು ಡ್ರಮ್ಮರ್ ಆಂಡರ್ಸ್ ನೋರ್ಡಿನ್! ‘ರೆಕ್ವಿಯಮ್’ ಅರ್ಧಕ್ಕೇ ನಿಂತಂತೆ ಅನ್ನಿಸಿದರೆ ನಿಮ್ಮ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮಾಸ್ಟರಿಂಗ್‌ನಲ್ಲಿ, ಅಂದರೆ ಧ್ವನಿಮುದ್ರಣ ತಿದ್ದುವ ಕೊನೇ ಹಂತದಲ್ಲಿ, ಆದ ಎಡವಟ್ಟಿನಿಂದ ಅದರ ಕೊನೇ ಭಾಗ ಮುಂದಿನ ಹಾಡಿನ ತಲೆಗೆ ಅಂಟಿಕೊಂಡಿದೆ.

1998ರ ‘ಮೈ ಆರ್ಮ್ಸ್, ಯುವರ್ ಹರ್ಸ್’ನಿಂದ ಶುರು ಮಾಡಿ ಹಿಂದಕ್ಕೆ ಹೋಗಿ ಅಂತ ಹೇಳುವವರಿದ್ದಾರೆ. ನಾನು ಬೇಡ ಅಂತೀನಿ. ಅಷ್ಟರಲ್ಲಿ ಡಿ ಫಾರ್ಫಲ್ಲಾ, ನೋರ್ಡಿನ್ ಇಬ್ಬರೂ ಇಲ್ಲ. ಡ್ರಮ್ಸ್‌ಗೆ ಮಾರ್ಟಿನ್ ಲೋಪೆಸ್ ಬಂದಿದ್ದಾರೆ, ಬೇಸ್ ಓಕರ್‌ಫೆಲ್ಟ್ ತಾವೇ ನುಡಿಸಿದ್ದಾರೆ. ಗ್ರೌಲ್ ಆಳಕ್ಕಿಳಿದಿದೆ, ಇಡೀ ಆಲ್ಬಮ್‌ಗೆ ಒಂದೇ ಕಥೆ. ಒಂದು ಹಾಡಿನ ಕೊನೇ ಪದವೇ ಮುಂದಿನ ಹಾಡಿನ ಹೆಸರು. ಇದರಿಂದ ಹಿಂದಕ್ಕೆ ಹೋದರೆ ಮೊದಲಿನ ಎರಡೂ ಅರೆಬೆಂದಂತೆ ಕೇಳಿಸುತ್ತವೆ, ಅವು ಹುಡುಕುತ್ತಿದ್ದುದೇ ಬೇರೆ. ‘ಫೇರ್‌ವೆಲ್’ ಕೂಡ ಹಿಡಿಸಲಿಲ್ಲ ಅಂದರೆ ಮಾತ್ರ ಇದನ್ನು ಹಾಕಿ. ನಿಮಗೆ ಬೇಕಾದ ಭಾರ ಇದರಲ್ಲಿ ಜಾಸ್ತಿಯೇ ಇದೆ.