ಅಂಗಡಿಯಲ್ಲಿ ಕಹಿ, ಡಬ್ಬಿಯಲ್ಲಿ ಸಿಹಿ: ಚೀನಾದ ಈ 'ಚಹಾ' ಯಾವುದು?

ಪ್ರಶ್ನೆ: ಹಾಂಗ್‌ಕಾಂಗ್‌ನ ಬೀದಿ ಅಂಗಡಿಯೊಂದರಲ್ಲಿ 'ಹರ್ಬಲ್ ಟೀ' ಅಂತ ಒಂದು ಬಟ್ಟಲು ಕುಡಿದೆವು. ಅಬ್ಬಾ, ಏನು ಕಹಿ! ಕೆಂಪು ಡಬ್ಬಿಯಲ್ಲಿ ಬರುವುದು ಮಾತ್ರ ಶರಬತ್ತಿನಂತೆ ಸಿಹಿ. ಎರಡೂ ಒಂದೇನಾ? ರಾತ್ರಿ ಕುಡಿದರೆ ನಿದ್ದೆ ಕೆಡುತ್ತಾ?

ಉತ್ತರ: ನಿದ್ದೆಯ ಚಿಂತೆ ಬೇಡ. ಹೆಸರಿಗೆ ಚಹಾ ಅಷ್ಟೇ. ಸಾಮಾನ್ಯವಾಗಿ ಇದಕ್ಕೆ ಚಹಾ ಎಲೆಯನ್ನೇ ಹಾಕುವುದಿಲ್ಲ. ಇದು ಅಪ್ಪಟ ಕಷಾಯ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್ ಕಡೆಯ 'ಲಿಯಾಂಗ್ ಚಾ', ಅಂದರೆ 'ತಂಪು ಚಹಾ'. 2006ರಲ್ಲಿ ಚೀನಾ ಇದನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕರಿದದ್ದು ತಿಂದು ಬಾಯಿ ಹುಣ್ಣಾದರೆ, ನಿದ್ದೆಗೆಟ್ಟು ಗಂಟಲು ಕೆರೆದರೆ ಅಲ್ಲಿಯವರೂ 'ಉಷ್ಣ' ಅಂತಲೇ ಹೇಳಿ ಇದನ್ನು ಕುಡಿಯುತ್ತಾರೆ. ದೇಹಕ್ಕೆ ತಂಪು ಅನ್ನುವ ನಂಬಿಕೆ. ಕುಡಿಯುವುದು ಬಿಸಿಯಾಗಿಯೂ ಇರಬಹುದು.

ನೀವು ಕುಡಿದದ್ದು ಬಹುಶಃ 'ಇಪ್ಪತ್ನಾಲ್ಕು ರುಚಿ'. ಇಪ್ಪತ್ನಾಲ್ಕೇ ಮೂಲಿಕೆ ಇರಬೇಕೆಂದೇನಿಲ್ಲ, ಅಂಗಡಿಗೊಂದು ಲೆಕ್ಕ. ಬೇರು, ತೊಗಟೆ, ಎಲೆಗಳನ್ನು ಗಂಟೆಗಟ್ಟಲೆ ಕುದಿಸಿದ ಕಪ್ಪು ರಸ. ಹಳೆಯ ಅಂಗಡಿಗಳಲ್ಲಿ ಸೋರೆಬುರುಡೆ ಆಕಾರದ ದೊಡ್ಡ ಹಿತ್ತಾಳೆ ಪಾತ್ರೆಯಿಂದ ಬಟ್ಟಲಿಗೆ ಬಗ್ಗಿಸಿ ಕೊಡುತ್ತಾರೆ. ನಾಲಿಗೆ ಸುಧಾರಿಸಿಕೊಳ್ಳಲು ಒಣಗಿಸಿದ ಹುಳಿ-ಸಿಹಿ ಹಣ್ಣಿನ ಚೂರು ಬಾಯಿಗೆ ಹಾಕಿಕೊಳ್ಳುವವರೂ ಇದ್ದಾರೆ. ಕಹಿ ಆಗದವರು 'ಐದು ಹೂವಿನ ಚಹಾ' ಕೇಳಬಹುದು, ಅದು ಸೌಮ್ಯ. ಸೇವಂತಿಗೆ, ಹನಿಸಕಲ್, ಬೂರುಗದ ಹೂವಿನ ಜೊತೆ ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಉದುರುವ ದೇವಕಣಗಿಲೆಯೂ ಅದರಲ್ಲಿ ಬೀಳುತ್ತದೆ. ಹಾಗಂತ ಹೂ ಆರಿಸಿ ತಂದು ಕುದಿಸಲು ಹೋಗಬೇಡಿ. ಆ ಮರದ ಹಾಲು ವಿಷ, ಅಲ್ಲಿ ಬಳಸುವುದು ಔಷಧಿಗೆಂದೇ ಒಣಗಿಸಿದ ಹೂ.

ಇನ್ನು ಕೆಂಪು ಡಬ್ಬಿ. ಅದರ ಹೆಸರು ಹಳೆಯದೇ: ವಾಂಗ್ ಲಾವ್‌ಜಿ, 1828ರಲ್ಲಿ ಗುವಾಂಗ್‌ಜೌನಲ್ಲಿ ಶುರುವಾದ ಕಷಾಯದ ಅಂಗಡಿ. ಆದರೆ ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಮೊದಲು ನೀರು, ಎರಡನೆಯದು ಸಕ್ಕರೆ. ಸೇವಂತಿಗೆ, ದೇವಕಣಗಿಲೆ, ಜ್ಯೇಷ್ಠಮಧು ಎಲ್ಲ ಆಮೇಲೆ. 'ಉಷ್ಣದ ಭಯವೇ? ವಾಂಗ್ ಲಾವ್‌ಜಿ ಕುಡಿಯಿರಿ' ಎಂಬ ಜಾಹೀರಾತಿನಿಂದ ಅದು ಖಾರದೂಟದ ಜೊತೆಗಾರನಾಗಿ ಚೀನಾದ ತುಂಬ ಹರಡಿತು. ಹೆಸರಿಗೂ ಕೆಂಪು ಡಬ್ಬಿಗೂ ಎರಡು ಕಂಪನಿಗಳ ನಡುವೆ ದೊಡ್ಡ ವ್ಯಾಜ್ಯವೇ ನಡೆದು, ಕೆಂಪು ಡಬ್ಬಿಯನ್ನು ಇಬ್ಬರೂ ಬಳಸಬಹುದೆಂದು 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗಾಗಿ ಬಣ್ಣ ನೋಡಿ ಕೊಂಡರೆ ಯಾರದು ಸಿಗುತ್ತದೋ ಹೇಳಲಾಗದು.

ಅಂದರೆ ವಂಶ ಒಂದೇ, ನನ್ನ ಪ್ರಕಾರ ಡಬ್ಬಿಯದು ತಂಪು ಪಾನೀಯ ಅಷ್ಟೇ. ಸಕ್ಕರೆ ಕಾಯಿಲೆಯವರಿಗೆ ಅದು ಬೇಡ. ಬಟ್ಟಲಿನ ಕಷಾಯವೂ ದಿನಾ ಕುಡಿಯುವಂಥದ್ದಲ್ಲ: ಅದರಲ್ಲಿ ಜ್ಯೇಷ್ಠಮಧು ಇದ್ದು, ಅದು ಹೆಚ್ಚಾದರೆ ಬಿಪಿ ಏರಬಹುದು. ಗರ್ಭಿಣಿಯರು, ನಿತ್ಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.