ಅಮ್ಮನ ಕೌನ್ಸೆಲಿಂಗ್‌ಗೆ ನಾನೇ ದುಭಾಷಿ ಆಗಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡ್‌ನಲ್ಲಿದ್ದೇವೆ, ಅಮ್ಮನೂ ನಮ್ಮ ಜೊತೆಗೇ ಇದ್ದಾರೆ. ಅಪ್ಪ ಹೋದ ಮೇಲೆ ಅವರಿಗೆ ಊಟ, ನಿದ್ದೆ ಎರಡೂ ಕೆಟ್ಟಿದೆ. ನಮ್ಮ ಜಿಪಿ, ಅಂದರೆ ಮನೆ ಡಾಕ್ಟರು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಎಂಬ ಕೌನ್ಸೆಲಿಂಗ್‌ಗೆ ಹೋಗಿ ಎಂದಿದ್ದಾರೆ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನೇ ಪಕ್ಕದಲ್ಲಿ ಕೂತು ತರ್ಜುಮೆ ಮಾಡಿದರೆ ಆಗದೇ?

ಉತ್ತರ: ಬೇಡ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಬೇಡ. ನಿಮ್ಮ ಮೇಲಿನ ಅಸಮಾಧಾನವನ್ನು ನಿಮ್ಮ ಬಾಯಿಂದಲೇ ಹೇಳಿಸುವುದು ಯಾವ ತಾಯಿಗೂ ಆಗದ ಮಾತು. ಮನೆಯ ವಿಷಯವನ್ನೆಲ್ಲ ನುಂಗಿಕೊಂಡು ಮಂಡಿ ನೋವಿನ ಬಗ್ಗೆ ಮಾತಾಡಿ ಎದ್ದು ಬರುತ್ತಾರೆ, ಅಷ್ಟೆ.

ಇನ್ನೊಂದು ತೊಡಕು ಮಾತಿನದು. ಖಿನ್ನತೆ ಅಳೆಯಲು ಅಲ್ಲಿ ಪಿಎಚ್‌ಕ್ಯು-9 ಎಂಬ ಪಟ್ಟಿ ತುಂಬಿಸುತ್ತಾರೆ: ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಅಮ್ಮ 'ಬೇಜಾರು' ಎನ್ನುತ್ತಾರೆ. ಅದು ದುಃಖವೋ, ಹೊತ್ತು ಹೋಗದಿರುವುದೋ, ಯಾರ ಮೇಲಾದರೂ ಸಿಟ್ಟೋ? ನೀವು 'ಬೋರ್' ಎಂದುಬಿಟ್ಟರೆ ಅಂಕ ಇಳಿದು ಖಿನ್ನತೆ ಕಡಿಮೆ ಎಂದು ಕಾಣುತ್ತದೆ. 'ಸಂಕಟ' ಎಂದರೂ ಹೊಟ್ಟೆಯದೋ ಮನಸ್ಸಿನದೋ ಎಂದು ಕೇಳಲೇಬೇಕು. ಏಷ್ಯಾದ ಕುಟುಂಬಗಳ ಜೊತೆ ಪಳಗಿದ ಕೌನ್ಸೆಲರ್ ಎದೆಭಾರ, ತಲೆ ಧಿಮ್ಮೆನ್ನುವುದನ್ನು ಬದಿಗಿಡುವುದಿಲ್ಲ. ಅಲ್ಲಿಂದಲೇ ಮಾತು ಶುರುಮಾಡಿ, 'ಇದಕ್ಕೆ ನಿಮ್ಮ ಕಡೆ ಏನಂತಾರೆ?' ಎಂದು ವಿಚಾರಿಸುತ್ತಾರೆ.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. 'ದೇವರು ಬೇಗ ಕರಕೊಂಡರೆ ಸಾಕು' ಎಂದು ಅಮ್ಮ ಅಂದಾಗ, 'ಅವರು ಯಾವಾಗಲೂ ಹಾಗೇ ಅನ್ನೋದು' ಎಂದು ಮಕ್ಕಳು ತೇಲಿಸಿಬಿಡುವುದು ಸಾಮಾನ್ಯ. ನಮ್ಮಲ್ಲಿ ಅದು ವಾಡಿಕೆಯ ಮಾತು ನಿಜ. ಆದರೆ ವಾಡಿಕೆಯೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಕೌನ್ಸೆಲರ್, ಅದೂ ಅಮ್ಮನನ್ನೇ ನೇರವಾಗಿ ಕೇಳಿದ ಮೇಲೆ.

ಹೆಸರು ನೋಂದಾಯಿಸುವಾಗಲೇ ದುಭಾಷಿ ಬೇಕೆಂದು ಹೇಳಿ. ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಭಾಷೆಯ ಜಾಗದಲ್ಲಿ 'ಕನ್ನಡ' ಎಂದು ಬರೆದು, ಧಾರವಾಡದ ಕಡೆಯ ಮಾತೋ ಮಂಗಳೂರಿನದೋ ಅದನ್ನೂ ಸೇರಿಸಿ. ಬರೀ 'ಇಂಡಿಯನ್' ಎಂದರೆ ಹಿಂದಿಯವರು ಬಂದು ಕೂತಿರುತ್ತಾರೆ. ಹೆಂಗಸೇ ಬೇಕಿದ್ದರೆ ಆಗಲೇ ತಿಳಿಸಿ. ಪ್ರತಿ ಸಲವೂ ಅದೇ ವ್ಯಕ್ತಿ ಬರಲಿ ಎಂದೂ ಕೇಳಿಕೊಳ್ಳಿ. ಒಂದೊಂದು ಮಾತೂ ಎರಡೆರಡು ಸಲ ಆಗುವುದರಿಂದ ಒಂದು ಭೇಟಿಯ ಮಾಮೂಲಿ ಹೊತ್ತು ಸಾಲದು, ಹೆಚ್ಚು ಹೊತ್ತು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ದುಭಾಷಿ 'ಅವರು ಹೀಗೆ ಹೇಳ್ತಿದ್ದಾರೆ' ಎನ್ನುವುದಿಲ್ಲ. ಅಮ್ಮನ ಜಾಗದಲ್ಲಿ ನಿಂತು 'ನನಗೆ' ಎಂದೇ ಹೇಳುತ್ತಾರೆ. ಕೌನ್ಸೆಲರ್ ಕಣ್ಣು ಅಮ್ಮನ ಮೇಲಿರಬೇಕು.

ಅಮ್ಮನಿಗಿರುವ ದೊಡ್ಡ ಭಯ ಬೇರೆಯೇ: 'ದುಭಾಷಿ ನಮ್ಮ ಕನ್ನಡ ಸಂಘದವಳಾದರೆ?' ಇಂಗ್ಲೆಂಡ್‌ನ ಸಣ್ಣ ಊರುಗಳಲ್ಲಿ ಈ ಭಯ ಸುಳ್ಳಲ್ಲ. ಫೋನಿನಲ್ಲೇ ತರ್ಜುಮೆ ಮಾಡುವ ಬೇರೆ ಊರಿನ ದುಭಾಷಿ ಬೇಕೆಂದು ಕೇಳಿ, ಅಮ್ಮನ ಪೂರ್ತಿ ಹೆಸರು ಹೇಳದಿರುವಂತೆ ತಿಳಿಸಿ. ಪ್ರಾಣಕ್ಕೆ ಅಪಾಯ ಅಥವಾ ಮಕ್ಕಳ ಸುರಕ್ಷತೆಯ ಪ್ರಶ್ನೆ ಬಂದಂಥ ಕೆಲವೇ ಸಂದರ್ಭಗಳಲ್ಲಷ್ಟೇ ಕೌನ್ಸೆಲರ್ ಮಾತನ್ನು ಹೊರಗೆ ದಾಟಿಸಬಹುದು. ಇದನ್ನು ಮೊದಲ ಭೇಟಿಯಲ್ಲೇ ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿಸಿ.

ನೀವು? ಅಮ್ಮ ಒಪ್ಪಿದರೆ ಮೊದಲ ದಿನ ಹತ್ತು ನಿಮಿಷ ಒಳಗೆ ಕೂತು ಔಷಧಿ, ನಿದ್ದೆಯ ವಿವರ ಕೊಡಿ. ಆಮೇಲೆ ಹೊರಗೆ. ವಾಪಸ್ ಬರುವಾಗ ಕಾರಿನಲ್ಲಿ 'ಏನು ಕೇಳಿದ್ರು?' ಎನ್ನಬೇಡಿ.