ಜೆಸಿಬಿಗೆ ನಂಬರ್ ಪ್ಲೇಟ್ ಇದೆ, ಗಣಿಯ ಡಂಪರ್‌ಗೆ ಯಾಕಿಲ್ಲ?

ಊರಲ್ಲಿ ಚರಂಡಿ ತೋಡುವ ಜೆಸಿಬಿಗೆ ಕೆಎ ನಂಬರ್ ಇರುತ್ತದೆ. ಗಣಿಯೊಳಗೇ ಓಡಾಡುವ ಮನೆಯೆತ್ತರದ ಡಂಪರ್‌ಗೆ ಬಹಳ ಕಡೆ ಇರುವುದಿಲ್ಲ. ಎರಡೂ ಮಣ್ಣಿನ ಕೆಲಸದ ಯಂತ್ರಗಳೇ ಅಲ್ವಾ? ಈ ಗೆರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸಿಗುವುದು ತೆರಿಗೆ ಜಗಳ.

1939ರ ಮೋಟಾರು ವಾಹನ ಕಾಯ್ದೆಯಲ್ಲಿ ಲೆಕ್ಕ ಸರಳವಾಗಿತ್ತು. ಮಾಲೀಕರ ಜಾಗದೊಳಗೆ ಮಾತ್ರ ಓಡುವ ಗಾಡಿ ಮೋಟಾರು ವಾಹನ ಅಲ್ಲ, ಹಾಗಾಗಿ ನೋಂದಣಿಯೂ ತೆರಿಗೆಯೂ ಇಲ್ಲ. 1956ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗೆಂದೇ ರೂಪಿಸಿದ ವಿಶೇಷ ಗಾಡಿಗಷ್ಟೇ ವಿನಾಯಿತಿ ಉಳಿಯಿತು.

ಒಡಿಶಾದ ಬೊಲಾನಿ ಕಬ್ಬಿಣದ ಗಣಿಯ ಡಂಪರ್‌ಗಳಿಗೆ ಸರ್ಕಾರ ತೆರಿಗೆ ಕೇಳಿದಾಗ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನೋಂದಣಿ ಬೇಕು, ಆದರೆ ಗಣಿಯೊಳಗೇ ಇರುವ ತನಕ ತೆರಿಗೆ ಇಲ್ಲ ಎಂದು 1974ರಲ್ಲಿ ತೀರ್ಪು ಬಂತು. ಯಾಕಂದ್ರೆ ಅಲ್ಲಿನ ತೆರಿಗೆ ಕಾಯ್ದೆ ಮೋಟಾರು ವಾಹನಕ್ಕೆ 1956ಕ್ಕಿಂತ ಹಿಂದಿನ ವ್ಯಾಖ್ಯಾನವನ್ನೇ ಇಟ್ಟುಕೊಂಡಿತ್ತು.

1992ರಲ್ಲಿ ಸೆಂಟ್ರಲ್ ಕೋಲ್‌ಫೀಲ್ಡ್ಸ್ ಎಂಬ ಕಲ್ಲಿದ್ದಲು ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಚಕ್ರ ನೋಡಿತು. ಡಂಪರ್ ಓಡುವುದು ಚೈನ್ ಮೇಲಲ್ಲ, ರಬ್ಬರ್ ಟೈರ್ ಮೇಲೆ. ಹಾಗಾಗಿ ಅದು ರಸ್ತೆಗೆ ತಕ್ಕ ಗಾಡಿಯೇ, ತೆರಿಗೆ ಕಟ್ಟಬೇಕು ಎಂದಿತು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕಲ್ಲು ತುಂಬಿದ ಗಣಿಯಲ್ಲಿ ನೂರಾರು ಟನ್ ಹೊರುವುದಕ್ಕೂ ರಬ್ಬರ್ ಟೈರೇ ಬೇಕು. ಮೈಸೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾಗುವ ದೊಡ್ಡ ಡಂಪರ್‌ಗಳ ಅಗಲ ನೋಡಿ. ನಮ್ಮ ಹೆದ್ದಾರಿಯ ಒಂದು ಲೇನ್‌ನಲ್ಲಿ ಅವು ಹಿಡಿಸುವುದಿಲ್ಲ. ಅಂಥವನ್ನು ಬಿಡಿಭಾಗಗಳಾಗಿ ಟ್ರೇಲರ್ ಮೇಲೆ ಸಾಗಿಸಿ, ಗಣಿಯಲ್ಲೇ ಜೋಡಿಸುತ್ತಾರೆ.

2000ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ನಿರ್ಮಾಣ ಉಪಕರಣ ವಾಹನ ಎಂಬ ವರ್ಗ ಸೇರಿತು. ಪ್ರಶ್ನೆ ಕೊನೆಗೂ ಸರಿಯಾದ ಜಾಗಕ್ಕೆ ಬಂದದ್ದು ಇಲ್ಲಿ. ಯಂತ್ರದ ಮುಖ್ಯ ಕೆಲಸ ರಸ್ತೆಯಾಚೆ ಇರಬೇಕು. ರಸ್ತೆಯ ಓಡಾಟ ಸ್ವಲ್ಪ ಹೊತ್ತಿನದಾಗಿರಬೇಕು, ವೇಗ ಗಂಟೆಗೆ 50 ಕಿ.ಮೀ. ದಾಟಬಾರದು. ಜೆಸಿಬಿ, ರೋಡ್ ರೋಲರ್, ಕ್ರೇನ್ ಎಲ್ಲ ಇದರೊಳಗೆ ಬಂದವು. ಗಣಿ, ಕಾರ್ಖಾನೆಗೇ ಮೀಸಲಾದ, ತಾನಾಗಿ ರಸ್ತೆಗಿಳಿಯುವ ಸಜ್ಜಿಲ್ಲದ ಯಂತ್ರಗಳು ಹೊರಗುಳಿದವು.

ಸುಮ್ನೆ ತೆರಿಗೆ ಲೆಕ್ಕ ಅಂತ ಇದನ್ನು ಬದಿಗಿಡುವ ಹಾಗಿಲ್ಲ. ಮೋಟಾರು ವಾಹನ ಅಂತಾದರೆ ರಸ್ತೆಗಿಳಿಯಲು ಚಾಲಕರಿಗೆ ಲೈಸೆನ್ಸ್, ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಆ ವರ್ಗದ ಹೊರಗಿನ ಯಂತ್ರ ಗಣಿಯಲ್ಲಿ ಹರಿದು ಕಾರ್ಮಿಕರು ಸತ್ತರೆ, ಅವರ ಮನೆಯವರು ಕಾರ್ಮಿಕ ಪರಿಹಾರ ಕಾನೂನಿನ ದಾರಿ ಹಿಡಿಯಬೇಕು. ಅಲ್ಲಿ ಕೆಲಸಕ್ಕಿಲ್ಲದ, ಯಾವುದೋ ಕಾರಣಕ್ಕೆ ಒಳಗೆ ಹೋಗಿದ್ದವರಿಗೆ ಆ ದಾರಿಯೂ ಇಲ್ಲ. ಅವರ ಮನೆಯವರು ಸಿವಿಲ್ ಕೋರ್ಟ್ ಮೆಟ್ಟಿಲನ್ನೇ ಹತ್ತಬೇಕು.